ಗಾಳಿ ಮಾಲಿನ್ಯ ಮತ್ತು ಸ್ಟ್ರೋಕ್: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟ್ರೋಕ್ ಅಂದ ತಕ್ಷಣ ನಾವು ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಕುಡಿತ ಎಂದು ಎಣಿಸುತ್ತೇವೆ. ಉಸಿರಾಡುವ ಗಾಳಿಯನ್ನು ಆ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಯಾರಾದರೂ ಸೇರಿಸಿದರೆ "ಅದೆಲ್ಲ ದೆಲ್ಲಿ, ಬೆಂಗಳೂರಿನ ಕಥೆ, ಕೊಡಗಿಗೇನು" ಎಂದು ಮಾತು ಮುಗಿಸಿಬಿಡುತ್ತೇವೆ. ಆದರೆ ಇಲ್ಲಿ ಅನೇಕರಿಗೆ ಹೊಗೆ ಸಿಗುವುದು ಮನೆಯೊಳಗೇ. ನಮ್ಮ ಮಕ್ಕಳು ಕೆಲಸ ಮಾಡುವುದು ದೊಡ್ಡ ಊರುಗಳಲ್ಲಿ. ಮೇಲಾಗಿ ಸ್ಟ್ರೋಕ್ ಆದರೆ ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ. ಈ ಮೂರೂ ಕಾರಣಕ್ಕೆ ಇದು ನಮ್ಮ ಜಿಲ್ಲೆಯ ವಿಷಯವೂ ಹೌದು.

ಹೊಗೆಯಿಂದ ಕೆಮ್ಮು, ದಮ್ಮು ಬರುವುದು ಗೊತ್ತು. ಮೆದುಳಿಗೂ ಹೊಗೆಗೂ ಏನು ಸಂಬಂಧ?

ಸಂಬಂಧ ರಕ್ತದ ಮೂಲಕ. ವಾಹನದ ಹೊಗೆ, ಸೌದೆ ಹೊಗೆ, ಕಸ ಸುಟ್ಟ ಹೊಗೆ, ಎಲ್ಲದರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು. ಮೂಗಿನ ಕೂದಲು, ಗಂಟಲಿನ ಕಫ ಇವುಗಳನ್ನು ಪೂರ್ತಿ ತಡೆಯಲಾರವು. ನೇರ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗುತ್ತವೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಬಹಳ ತೆಳು ಪೊರೆ.

ಅಲ್ಲಿಂದ ಮುಂದೆ ಹಲವು ಕೆಲಸ ಒಟ್ಟಿಗೆ ನಡೆಯುತ್ತವೆ. ಶ್ವಾಸಕೋಶದಲ್ಲಿ ಉರಿಯೂತ ಶುರುವಾಗಿ, ಅದನ್ನು ಹೆಚ್ಚಿಸುವ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ. ರಕ್ತನಾಳಗಳು ಬೇಕಾದಾಗ ಹಿಗ್ಗುವುದನ್ನು ಕಡಿಮೆ ಮಾಡುತ್ತವೆ, ಬಿಪಿ ಏರುತ್ತದೆ. ಇದು ಗಂಟೆ, ದಿನಗಳ ಲೆಕ್ಕ. ವರ್ಷಗಟ್ಟಲೆ ಹೀಗೇ ನಡೆದರೆ ಕುತ್ತಿಗೆಯ ರಕ್ತನಾಳಗಳ ಒಳಗೋಡೆಗೆ ಕೊಬ್ಬು ಕಟ್ಟುವುದು ಬೇಗವಾಗುತ್ತದೆ. ಮೆದುಳಿಗೆ ರಕ್ತ ಒಯ್ಯುವ ಮುಖ್ಯ ನಾಳಗಳು ಅವೇ.

ಕಣಗಳೇ ರಕ್ತಕ್ಕೆ ಸೇರುತ್ತವಾ ಎಂದು ತಿಳಿಯಲು ಸ್ಕಾಟ್ಲೆಂಡಿನ ಎಡಿನ್‌ಬರೋದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 2017ರಲ್ಲಿ ಹೊರಬಂತು. ಆರೋಗ್ಯವಂತ ಸ್ವಯಂಸೇವಕರಿಗೆ ಅತಿ ಸಣ್ಣ ಚಿನ್ನದ ಕಣಗಳಿದ್ದ ಗಾಳಿಯನ್ನು ಉಸಿರಾಡಲು ಕೊಟ್ಟರು. ಚಿನ್ನ ದೇಹದಲ್ಲಿ ಬೇರೆ ಯಾವುದರ ಜೊತೆಗೂ ಸುಲಭವಾಗಿ ಬೆರೆಯುವುದಿಲ್ಲ, ಹುಡುಕುವುದು ಸುಲಭ. ಆ ಚಿನ್ನ ರಕ್ತದಲ್ಲೂ ಮೂತ್ರದಲ್ಲೂ ಸಿಕ್ಕಿತು. ಮೂರು ತಿಂಗಳು ಕಳೆದ ಮೇಲೂ ಸಿಕ್ಕಿತು. ಕುತ್ತಿಗೆಯ ನಾಳದ ಆಪರೇಷನ್‌ಗೆ ಬಂದಿದ್ದ ರೋಗಿಗಳಿಗೂ ಇದೇ ಗಾಳಿ ಕೊಟ್ಟಿದ್ದರು. ಅವರ ನಾಳದಿಂದ ತೆಗೆದ ಕೊಬ್ಬಿನ ಗಡ್ಡೆಯೊಳಗೂ ಚಿನ್ನ ಇತ್ತು. ಮೂಗಿನಿಂದ ಹೋದ ಕಣ ಸ್ಟ್ರೋಕ್ ಹುಟ್ಟುವ ಜಾಗಕ್ಕೇ ಹೋಗಿ ಕೂತಿತ್ತು. ಇದನ್ನು ಓದಿದ ಮೇಲೆ ಹೊಗೆ ಬರೀ ಕೆಮ್ಮಿನ ವಿಷಯ ಎಂದು ನನಗೆ ಅನಿಸಿಲ್ಲ.

ಸ್ಟ್ರೋಕ್, ಪಾರ್ಶ್ವವಾಯು, ಲಕ್ವ ಎಲ್ಲಾ ಒಂದೇನಾ?

ಬಹುಮಟ್ಟಿಗೆ ಒಂದೇ. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತುಹೋಗುವುದು ಅಥವಾ ಅಲ್ಲಿನ ನಾಳ ಒಡೆದು ರಕ್ತ ಸೋರುವುದು ಸ್ಟ್ರೋಕ್. ನಾಳ ಕಟ್ಟಿಕೊಂಡು ಆಗುವುದೇ ಹೆಚ್ಚು. ಕೈಕಾಲು ಸ್ವಾಧೀನ ತಪ್ಪುವುದು ಅದರ ಪರಿಣಾಮ. ಹಾರ್ಟ್ ಅಟ್ಯಾಕ್ ಬೇರೆ, ಅದು ಹೃದಯದ ನಾಳದ್ದು. ಆದರೆ ಎರಡಕ್ಕೂ ದಾರಿ ಮಾಡಿಕೊಡುವ ಕಾರಣಗಳು ಹೆಚ್ಚುಕಡಿಮೆ ಅವೇ.

ಗಾಳಿಯಿಂದ ಅಪಾಯ ಎಷ್ಟು ಜಾಸ್ತಿ? ಸುಮ್ನೆ ಹೆದರಿಸುತ್ತಿಲ್ಲ ತಾನೇ?

ಅಂಕಿ ನೋಡಿ ನೀವೇ ಹೇಳಿ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 19 ಲಕ್ಷ ಹೊಸ ಸ್ಟ್ರೋಕ್‌ಗಳಾದವು, 73 ಲಕ್ಷ ಜನ ಸತ್ತರು. ಜಾಗತಿಕ ರೋಗಭಾರ ಅಧ್ಯಯನದ ಲೆಕ್ಕ ಇದು. ಸ್ಟ್ರೋಕ್‌ನಿಂದಾಗುವ ಸಾವು ಮತ್ತು ಅಂಗವಿಕಲತೆಯಲ್ಲಿ ಯಾವ ಕಾರಣದ ಪಾಲು ಎಷ್ಟು ಎಂದೂ ಅದೇ ಅಧ್ಯಯನ ಹೇಳುತ್ತದೆ. ಹೆಚ್ಚಿನ ಬಿಪಿಯ ಪಾಲು ನೂರಕ್ಕೆ ಸುಮಾರು 57. ಎರಡನೇ ಸ್ಥಾನ ಹೊರಗಿನ ಗಾಳಿಯ ಕಣಗಳಿಗೆ, ಸುಮಾರು 17. ಬೀಡಿ ಸಿಗರೇಟಿನ ಪಾಲು ಸುಮಾರು 14. ಮನೆಯೊಳಗಿನ ಒಲೆಯ ಹೊಗೆಗೆ ಸುಮಾರು 11. ಒಬ್ಬರಿಗೇ ಎರಡು ಮೂರು ಕಾರಣ ಇರುವುದರಿಂದ ಈ ಪಾಲುಗಳನ್ನು ಕೂಡಿಸಬಾರದು. ಆದರೆ ಸಾಲು ಗಮನಿಸಿ. ಸಿಗರೇಟು ಬಿಡಿ ಎಂದು ಎಲ್ಲ ಡಾಕ್ಟರೂ ಹೇಳುತ್ತಾರೆ. ಅದಕ್ಕಿಂತ ಮೇಲಿರುವ ಗಾಳಿಯ ಬಗ್ಗೆ ಕೇಳುವವರೇ ಇಲ್ಲ.

ಒಬ್ಬ ಮನುಷ್ಯನಿಗೆ, ಒಂದು ದಿನಕ್ಕೆ ಎಂದು ನೋಡಿದರೆ ಏರಿಕೆ ಚಿಕ್ಕದು. 2015ರಲ್ಲಿ 28 ದೇಶಗಳ 103 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಗಾಳಿಯಲ್ಲಿ ಪಿಎಂ 2.5 ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ, ಸ್ಟ್ರೋಕ್‌ಗಾಗಿ ಆಸ್ಪತ್ರೆ ಸೇರುವುದು ಅಥವಾ ಸಾಯುವುದು ನೂರಕ್ಕೆ ಒಂದರಷ್ಟು ಏರುತ್ತದೆ. ಒಂದು ಅಂದರೆ ಏನು ಮಹಾ ಅನಿಸಬಹುದು. ಆದರೆ ಸಿಗರೇಟನ್ನು ಸೇದುವವರು ಮಾತ್ರ ಸೇದುತ್ತಾರೆ, ಗಾಳಿಯನ್ನು ಮಗುವಿನಿಂದ ಮುದುಕರವರೆಗೆ ಎಲ್ಲರೂ ದಿನವಿಡೀ ಎಳೆದುಕೊಳ್ಳುತ್ತಾರೆ. ಹಾಗಾಗಿ ಮೊತ್ತ ದೊಡ್ಡದಾಗುತ್ತದೆ.

ಕೊಡಗಿನ ಗಾಳಿ ಶುದ್ಧ ಅಲ್ವಾ?

ಹೌದು, ದೊಡ್ಡ ಊರುಗಳಿಗೆ ಹೋಲಿಸಿದರೆ ಬಹಳ ಶುದ್ಧ. ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ. ಅದರ ಅಂಕಿಯನ್ನು ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ದೇಶದ ಸ್ವಚ್ಛ ಗಾಳಿಯ ಊರುಗಳ ಸಾಲಿನಲ್ಲಿ ಮಡಿಕೇರಿಯ ಹೆಸರು ಆಗಾಗ ಬರುತ್ತದೆ. ಮಳೆ ಕಣಗಳನ್ನು ತೊಳೆದುಹಾಕುತ್ತದೆ, ಕಾಡು ಇದೆ, ದೊಡ್ಡ ಕಾರ್ಖಾನೆಗಳಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳೋಣ.

ಆದರೆ ಆ್ಯಪ್‌ನಲ್ಲಿ ಹಸಿರು ಕಂಡರೆ ಅಪಾಯವೇ ಇಲ್ಲ ಎಂದು ತಿಳಿಯಬೇಡಿ. ನಮ್ಮ ದೇಶದ ಗಾಳಿ ಗುಣಮಟ್ಟ ಸೂಚ್ಯಂಕದಲ್ಲಿ (ಎಕ್ಯೂಐ) 50ರವರೆಗೆ 'ಉತ್ತಮ'. ಆ 50 ಅಂದರೆ ದಿನದ ಸರಾಸರಿ ಪಿಎಂ 2.5 ಘನ ಮೀಟರಿಗೆ 30 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ವರ್ಷದ ಸರಾಸರಿಗೆ ಅದು ಹೇಳುವುದು 5, ನಮ್ಮ ದೇಶದ ಮಿತಿ 40. ಅಂದರೆ ನಮ್ಮ ಅಳತೆಗೋಲೇ ಸಡಿಲವಾಗಿದೆ.

ಅಮೆರಿಕದ ಬಾಸ್ಟನ್ ನಗರದಲ್ಲಿ 1,705 ಸ್ಟ್ರೋಕ್ ರೋಗಿಗಳನ್ನು ನೋಡಿ ಮಾಡಿದ ಒಂದು ಅಧ್ಯಯನ 2012ರಲ್ಲಿ ಬಂತು. ಅಲ್ಲಿನ ಲೆಕ್ಕದಲ್ಲಿ 'ಒಳ್ಳೆಯದು' ಎನ್ನುವ ದಿನಗಳಿಗಿಂತ 'ಸಾಧಾರಣ' ಎನ್ನುವ ದಿನಗಳ ನಂತರ, ನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್‌ನ ಸಂಭವ ನೂರಕ್ಕೆ 34 ಹೆಚ್ಚಿತ್ತು. ಕಣಗಳು ಏರಿದ 12ರಿಂದ 14 ಗಂಟೆಯೊಳಗೆ ಅಪಾಯ ಅತಿ ಹೆಚ್ಚು. ಅಲ್ಲಿ 'ಸಾಧಾರಣ' ಅಂದರೆ ಸುಮಾರು 15ರಿಂದ 40 ಮೈಕ್ರೋಗ್ರಾಂ. ನಮ್ಮ ಆ್ಯಪ್‌ನಲ್ಲಿ ಅದು 'ಉತ್ತಮ' ಮತ್ತು 'ತೃಪ್ತಿಕರ' ಬಣ್ಣಗಳಲ್ಲೇ ಬರುತ್ತದೆ. ಶುದ್ಧ ಗಾಳಿಯ ಊರಿನವರು ಗಮನಿಸಬೇಕಾದ ಅಧ್ಯಯನ ಇದು.

ಇನ್ನೊಂದು ಮಾತು. ಸ್ಟುವರ್ಟ್ ಹಿಲ್‌ನ ಯಂತ್ರ ಅಳೆಯುವುದು ಅಲ್ಲಿನ ಗಾಳಿಯನ್ನು. ನಿಮ್ಮ ಅಡುಗೆಮನೆಯ ಗಾಳಿಯನ್ನು ಯಾರೂ ಅಳೆಯುತ್ತಿಲ್ಲ.

ಸೌದೆ ಒಲೆ ಅಜ್ಜಿ ಕಾಲದಿಂದ ಇದೆ. ಅದರಿಂದಲೂ ಸ್ಟ್ರೋಕ್ ಬರುತ್ತದಾ?

ಅಪಾಯ ಹೆಚ್ಚುತ್ತದೆ. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಸಾವುಗಳಾದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ನೂರಕ್ಕೆ 23 ಸ್ಟ್ರೋಕ್‌ನಿಂದ. ಅಜ್ಜಿ ಕಾಲದಲ್ಲೂ ಲಕ್ವ ಹೊಡೆದವರು ಇದ್ದರು. ಕಾರಣ ಹುಡುಕುವವರು ಇರಲಿಲ್ಲ ಅಷ್ಟೇ.

ಕೊಡಗಿನ ಬಚ್ಚಲು ಮನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಜುಲೈ ತಿಂಗಳು, ಬೆಳಿಗ್ಗೆ ಆರು ಗಂಟೆ. ಹಂಡೆ ತುಂಬ ನೀರು. ಸೌದೆ ಒದ್ದೆ, ಸಿಲ್ವರ್ ಓಕ್ ಕೊಂಬೆಯೋ ಕಾಫಿ ಗಿಡದ ಬೊಡ್ಡೆಯೋ, ಹತ್ತಿಕೊಳ್ಳುವುದೇ ಇಲ್ಲ. ಹಾಗಾಗಿ ಒಂದು ಪ್ಲಾಸ್ಟಿಕ್ ಕವರ್, ಇಲ್ಲದಿದ್ದರೆ ಹಳೆ ಟ್ಯೂಬಿನ ತುಂಡು ಹಚ್ಚಿ ಒಳಗೆ ತುರುಕುತ್ತಾರೆ. ಆಮೇಲೆ ಬಗ್ಗಿ ಊದುಕೊಳವೆಯಿಂದ ಊದುತ್ತಾರೆ. ಊದಿದ ಪ್ರತಿ ಸಲ ಮತ್ತೆ ಉಸಿರೆಳೆದುಕೊಳ್ಳುವುದು ಅದೇ ಹೊಗೆಯಿಂದ. ಚಳಿ ಎಂದು ಬಾಗಿಲು ಮುಚ್ಚಿರುತ್ತದೆ. ಗೋಡೆ, ಹೆಂಚು ಎಲ್ಲಾ ಕರಿಹಿಡಿದಿರುತ್ತದೆ. ಆ ಮಸಿಯನ್ನೇ ಅವರೂ ಉಸಿರಾಡುತ್ತಿದ್ದಾರೆ. ಊದುವವರು ಹೆಚ್ಚಾಗಿ ಹೆಂಗಸರು, ಐವತ್ತು ದಾಟಿದವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು.

ತೋಟದ ಲೈನ್ ಮನೆಗಳಲ್ಲಿ ಕಷ್ಟ ಇನ್ನೂ ಜಾಸ್ತಿ. ಎಷ್ಟೋ ಕಡೆ ಒಂದೇ ಕೋಣೆಯಲ್ಲಿ ಒಲೆಯೂ ಮಲಗುವುದೂ. ಕಾಫಿ ಕೊಯ್ಲಿನ ಸಮಯದಲ್ಲಿ ಬೇಗ ಕೆಲಸಕ್ಕೆ ಹೋಗಬೇಕು ಎಂದು ಕತ್ತಲೆಯಲ್ಲೇ ಅಡುಗೆ ಶುರು. ಪಕ್ಕದಲ್ಲೇ ಮಕ್ಕಳು ಮಲಗಿರುತ್ತವೆ. ಇದನ್ನು ಸರಿಮಾಡುವ ಹೊಣೆ ಬರೀ ಕಾರ್ಮಿಕರ ಮೇಲೆ ಹಾಕುವುದು ನ್ಯಾಯವಲ್ಲ. ಮನೆ ಕಟ್ಟಿಸಿಕೊಟ್ಟ ತೋಟದ ಮಾಲೀಕರು ಒಂದು ಹೊಗೆ ಕೊಳವೆ, ಒಂದು ಕಿಟಕಿ ಹಾಕಿಸಿದರೆ ಖರ್ಚು ದೊಡ್ಡದೇನಲ್ಲ.

ಗ್ಯಾಸ್ ಇದ್ದರೂ ಸೌದೆ ಬಿಡಲು ಆಗುವುದಿಲ್ಲ. ಏನು ಮಾಡಬೇಕು?

ಸಿಲಿಂಡರ್ ಬೆಲೆ, ಸೌದೆ ತೋಟದಲ್ಲೇ ಸಿಗುವುದು, ಮಳೆಗಾಲದ ಬಿಸಿನೀರು, ಎಲ್ಲ ಅರ್ಥವಾಗುತ್ತದೆ. ಪೂರ್ತಿ ಬಿಡಲು ಆಗದಿದ್ದರೆ ಕಡಿಮೆಯಂತೂ ಮಾಡಬಹುದು. ಮನೆಯೊಳಗಿನ ಅಡುಗೆ, ಅದರಲ್ಲೂ ದಿನಕ್ಕೆ ಮೂರು ಸಲ ಆಗುವ ಅಡುಗೆ, ಗ್ಯಾಸಿನ ಮೇಲಿರಲಿ. ಸೌದೆ ನೀರು ಕಾಯಿಸಲು ಮಾತ್ರ ಇರಲಿ. ಬಚ್ಚಲ ಒಲೆಯ ಬಾಯಿ ಹೊರಗಡೆಗೆ ಇರುವಂತೆ ಕಟ್ಟಿಸಿದರೆ, ಬೆಂಕಿ ಹಾಕುವವರು ಹೊರಗೇ ನಿಂತು ಹಾಕಬಹುದು. ಹಳೆಯ ಎಷ್ಟೋ ಮನೆಗಳಲ್ಲಿ ಹಾಗೇ ಇದೆ. ಹೊಗೆ ಕೊಳವೆ ಮಾಡಿನಿಂದ ಮೇಲಕ್ಕೆ ಹೋಗಲಿ, ವರ್ಷಕ್ಕೊಮ್ಮೆ ಮಸಿ ತೆಗೆಸಿ.

ಎಲ್ಲಕ್ಕಿಂತ ಮುಖ್ಯ ಒಣ ಸೌದೆ. ಮಾರ್ಚ್, ಏಪ್ರಿಲ್‌ನಲ್ಲೇ ಸೀಳಿ, ಮಾಡಿನ ಕೆಳಗೆ ನೆಲದಿಂದ ಎತ್ತರದಲ್ಲಿ ಜೋಡಿಸಿಟ್ಟರೆ ಮಳೆಗಾಲದ ಹೊಗೆ ಎಷ್ಟೋ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್, ಟ್ಯೂಬ್, ಥರ್ಮಾಕೋಲ್ ಒಲೆಗೆ ಬೇಡವೇ ಬೇಡ. ಬೆಂಕಿ ಹಚ್ಚಲು ಒಣ ತೆಂಗಿನ ಗರಿ, ತೆಂಗಿನ ನಾರು ಸಾಕು.

ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಕೂಡ ಲೆಕ್ಕಕ್ಕೆ ಬರುತ್ತವಾ?

ಬರುತ್ತವೆ, ಅದರಲ್ಲೂ ಸೊಳ್ಳೆ ಬತ್ತಿ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅದನ್ನು ಹಚ್ಚಿ ಮಲಗುವುದು ಬೇಡ. ಸೊಳ್ಳೆ ಪರದೆ ಕಟ್ಟಿ. ದೇವರ ಮನೆಯಲ್ಲಿ ಒಂದು ಊದುಬತ್ತಿ ಹಚ್ಚುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ, ಕಿಟಕಿ ತೆರೆದಿಡಿ ಸಾಕು.

ಶನಿವಾರ, ಭಾನುವಾರ ಮಡಿಕೇರಿ ತುಂಬ ವಾಹನ. ಅದರಿಂದ ನಮಗೆ ತೊಂದರೆ ಇದೆಯಾ?

ಇದೆ, ಆದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಅಲ್ಲ. ಮಡಿಕೇರಿಗೆ ರೈಲು ಇಲ್ಲ. ಬರುವ ಪ್ರವಾಸಿಗರೆಲ್ಲ ರಸ್ತೆಯಲ್ಲೇ ಬರಬೇಕು, ಕಾಫಿ, ಕರಿಮೆಣಸು, ಸಿಮೆಂಟು, ಮರಳು ಎಲ್ಲ ಲಾರಿಯಲ್ಲೇ ಸಾಗಬೇಕು. ಏರುದಾರಿಯಲ್ಲಿ ಸಣ್ಣ ಗೇರಿನಲ್ಲಿ ಎಂಜಿನ್ ಜೋರಾಗಿ ದುಡಿಯುತ್ತದೆ, ಹೊಗೆ ಜಾಸ್ತಿ ಬಿಡುತ್ತದೆ. ಉದ್ದ ರಜೆಯ ದಿನ ರಾಜಾಸೀಟ್ ಸುತ್ತ, ಅಬ್ಬಿ ಫಾಲ್ಸ್ ರಸ್ತೆಯಲ್ಲಿ ವಾಹನಗಳು ನಿಂತಲ್ಲೇ ಎಂಜಿನ್ ಓಡಿಸುತ್ತಾ ಕೂತಿರುವುದನ್ನು ಎಲ್ಲರೂ ನೋಡಿದ್ದೇವೆ. ದಸರಾ ರಾತ್ರಿಯಂತೂ ಕೇಳುವುದೇ ಬೇಡ.

ಡೀಸೆಲ್ ಹೊಗೆ ರಕ್ತನಾಳಕ್ಕೆ ಏನು ಮಾಡುತ್ತದೆ ಎಂದು ಮನುಷ್ಯರ ಮೇಲೆಯೇ ಪರೀಕ್ಷೆಯಾಗಿದೆ. ಎಡಿನ್‌ಬರೋ ಮತ್ತು ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದವರು ಸ್ವಯಂಸೇವಕರನ್ನು ಒಂದು ಕೋಣೆಯಲ್ಲಿ ಕೂರಿಸಿ, ತೆಳುಮಾಡಿದ ಡೀಸೆಲ್ ಹೊಗೆಯಲ್ಲಿ ಆಗಾಗ ಸೈಕಲ್ ತುಳಿಸಿದರು. ಒಂದೆರಡು ಗಂಟೆಯ ಹೊಗೆಗೇ ರಕ್ತನಾಳಗಳು ಹಿಗ್ಗುವುದು ಕಡಿಮೆಯಾಯಿತು, ರಕ್ತ ಹೆಪ್ಪುಗಟ್ಟುವುದು ಹೆಚ್ಚಿತು. ಅವರೆಲ್ಲ ಆರೋಗ್ಯವಂತರು.

ಹಾಗಾಗಿ ಚಿಂತೆ ಜಾಸ್ತಿ ಇರುವುದು ದಿನವಿಡೀ ರಸ್ತೆ ಬದಿಯಲ್ಲೇ ಇರುವವರ ಬಗ್ಗೆ. ಟ್ರಾಫಿಕ್ ಪೊಲೀಸರು, ಬಸ್ ಸ್ಟ್ಯಾಂಡಿನ ಅಂಗಡಿಯವರು, ಆಟೋ ಮತ್ತು ಜೀಪ್ ಚಾಲಕರು, ತಳ್ಳುಗಾಡಿಯವರು. ಕುಶಾಲನಗರ, ಸುಂಟಿಕೊಪ್ಪದಲ್ಲಿ ಹೆದ್ದಾರಿ 275ಕ್ಕೆ ಅಂಟಿಕೊಂಡೇ ಮನೆ ಇರುವವರು ಕೂಡ. ರಸ್ತೆಯಿಂದ ಸ್ವಲ್ಪ ಒಳಗೆ ಹೋದರೂ ವಾಹನದ ಹೊಗೆ ಬೇಗ ತಗ್ಗುತ್ತದೆ. ಮಲಗುವ ಕೋಣೆಯನ್ನು ರಸ್ತೆಯ ಕಡೆಯಿಂದ ಹಿಂಬದಿಗೆ ಬದಲಾಯಿಸುವುದಕ್ಕೂ ಬೆಲೆ ಇದೆ.

ಬೆಳಗಿನ ಮಂಜಿನಲ್ಲಿ ವಾಕಿಂಗ್ ಹೋದರೆ ಸ್ಟ್ರೋಕ್ ಆಗುತ್ತದೆ ಅಂತಾರೆ, ನಿಜವಾ?

ಮಂಜು ಬರೀ ನೀರಿನ ಹನಿ, ಅದರಿಂದ ಏನೂ ಆಗುವುದಿಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ತಣ್ಣನೆಯ ಗಾಳಿ ತಗ್ಗಿನಲ್ಲಿ ಕೂತುಬಿಡುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಅದನ್ನು ಏಳಲು ಬಿಡುವುದಿಲ್ಲ. ಆ ಹೊತ್ತಿಗೆ ಎಲ್ಲರ ಮನೆ ಒಲೆಯೂ ಉರಿಯುತ್ತಿರುತ್ತದೆ. ಬಿಸಿಲು ಬರುವವರೆಗೆ ಹೊಗೆ ಅಲ್ಲೇ ನಿಂತಿರುತ್ತದೆ. ಜೊತೆಗೆ ಚಳಿಗೆ ಬಿಪಿಯೂ ಏರುತ್ತದೆ. ಬಿಪಿ ಇರುವವರು, ವಯಸ್ಸಾದವರು ಬಿಸಿಲು ಬಂದ ಮೇಲೆ, ತಲೆ ಕಿವಿ ಮುಚ್ಚಿಕೊಂಡು ಹೋಗಲಿ. ನಡಿಗೆ ಮಾತ್ರ ಬಿಡಬೇಡಿ.

ಮಗ, ಸೊಸೆ ಬೆಂಗಳೂರಲ್ಲಿದ್ದಾರೆ. ನಾವೂ ವರ್ಷಕ್ಕೆ ಕೆಲವು ತಿಂಗಳು ಅಲ್ಲಿರುತ್ತೇವೆ. ಏನು ನೋಡಿಕೊಳ್ಳಬೇಕು?

ಕೇಂದ್ರ ಸರ್ಕಾರ 2019ರಲ್ಲಿ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿತು. ಅದರಲ್ಲಿ ಗುರುತಿಸಿದ ಕರ್ನಾಟಕದ ಊರುಗಳು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಬೆಂಗಳೂರಿನ ವರ್ಷದ ಸರಾಸರಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5ಕ್ಕಿಂತ ಹಲವು ಪಟ್ಟು ಹೆಚ್ಚು. ಕೊಡಗಿನಿಂದ ಹೋದ ದೇಹಕ್ಕೆ ಅದು ತಟ್ಟುವುದಿಲ್ಲ ಎಂದೇನಿಲ್ಲ.

ಅಲ್ಲಿ ವಾಕಿಂಗ್ ಹೋಗುವಾಗ ಮುಖ್ಯ ರಸ್ತೆಯ ಫುಟ್‌ಪಾತ್ ಬಿಟ್ಟು ಒಳರಸ್ತೆ ಅಥವಾ ಪಾರ್ಕ್ ಹಿಡಿಯಿರಿ. ಟ್ರಾಫಿಕ್ ಹೊತ್ತಿನಲ್ಲಿ ರಸ್ತೆಯ ಕಡೆ ಕಿಟಕಿ ಮುಚ್ಚಿ, ಮಧ್ಯಾಹ್ನ ತೆರೆಯಿರಿ. ದಿನಾ ಬೈಕಿನಲ್ಲಿ ಎರಡು ಗಂಟೆ ಓಡಾಡುವ ಮಗನಿಗೆ ಎನ್ 95 ಮಾಸ್ಕ್ ಹಾಕಲು ಹೇಳಿ, ಆಗುವುದಾದರೆ ಮೆಟ್ರೋ ಹಿಡಿಯಲು ಹೇಳಿ. ಅವನ ಬಿಪಿಯನ್ನೂ ನೋಡಿಸಿ. ಮೂವತ್ತೈದರ ಹುಡುಗನಿಗೆ ಬಿಪಿ ಎಲ್ಲಿಂದ ಎನ್ನಬೇಡಿ. ನಮ್ಮ ದೇಶದಲ್ಲಿ ಸ್ಟ್ರೋಕ್ ಪಶ್ಚಿಮದ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತಿದೆ.

ಮಾಸ್ಕ್, ಏರ್ ಪ್ಯೂರಿಫೈಯರ್ ಕೆಲಸ ಮಾಡುತ್ತವಾ?

ಮುಖಕ್ಕೆ ಸರಿಯಾಗಿ ಕೂತ ಎನ್ 95 ಕಣಗಳನ್ನು ತಡೆಯುತ್ತದೆ. ಬಟ್ಟೆ ಮಾಸ್ಕ್, ಕರ್ಚೀಫು, ಸೆರಗು ಧೂಳು ತಡೆದಾವು, ಹೊಗೆಯ ಸಣ್ಣ ಕಣಗಳನ್ನು ತಡೆಯುವುದು ಬಹಳ ಕಡಿಮೆ. ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಕ) ಇರುವ ಪ್ಯೂರಿಫೈಯರ್ ಮುಚ್ಚಿದ ಕೋಣೆಯಲ್ಲಿ ಪರವಾಗಿಲ್ಲ. ಕೊಡಗಿನಲ್ಲಿ ಅದಕ್ಕೆ ದುಡ್ಡು ಹಾಕುವ ಬದಲು ಅದೇ ದುಡ್ಡಿಗೆ ಹೊಗೆ ಕೊಳವೆ ಹಾಕಿಸಿ ಎನ್ನುತ್ತೇನೆ.

ಹಾಗಾದರೆ ಮೊದಲು ಏನು ಮಾಡಬೇಕು, ಗಾಳಿನಾ ಬಿಪಿನಾ?

ಬಿಪಿ. ಇದರಲ್ಲಿ ಎರಡು ಮಾತಿಲ್ಲ. ಮೇಲೆ ಹೇಳಿದ 57ರ ಪಾಲನ್ನು ಮರೆಯಬೇಡಿ. ಹೊಗೆ ಬಿಪಿಯನ್ನು ಏರಿಸುತ್ತದೆ, ಮೊದಲೇ ಬಿಪಿ ಇದ್ದವರಿಗೆ ಹೊಗೆ ಇನ್ನಷ್ಟು ತೊಂದರೆ ಕೊಡುತ್ತದೆ. ಮೂವತ್ತು ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಉಚಿತವಾಗಿ ನೋಡಿಸಬಹುದು. ಮಾತ್ರೆ ಶುರುವಾದ ಮೇಲೆ "ಈಗ ನಾರ್ಮಲ್ ಇದೆ" ಎಂದು ನೀವೇ ನಿಲ್ಲಿಸಬೇಡಿ. ನಾರ್ಮಲ್ ಆಗಿರುವುದೇ ಮಾತ್ರೆಯಿಂದ. ಕೊಯ್ಲಿನ ಸಮಯದಲ್ಲಿ ಮಾತ್ರೆ ತರಲು ಪೇಟೆಗೆ ಹೋಗಲಾಗದೆ ವಾರಗಟ್ಟಲೆ ಬಿಡುವವರು ನಮ್ಮಲ್ಲಿ ತುಂಬಾ ಜನ. ಡಿಸೆಂಬರಿಗೆ ಮುಂಚೆಯೇ ಎರಡು ತಿಂಗಳಿಗೆ ಆಗುವಷ್ಟು ತಂದಿಟ್ಟುಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರು, ಎದೆ ಬಡಿತ ಏರುಪೇರು ಇರುವವರು, ಬೀಡಿ ಸಿಗರೇಟು ಸೇದುವವರು, ಹಿಂದೆ ಒಮ್ಮೆ ಸ್ಟ್ರೋಕ್ ಆದವರು ಹೊಗೆಯಿಂದ ಇನ್ನೂ ದೂರ ಇರಬೇಕು.

ಸ್ಟ್ರೋಕ್ ಆಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಕೊಡಗಿನಲ್ಲಿದ್ದರೆ ಏನು ಮಾಡಬೇಕು?

ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದಾ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಕೈ ಕೆಳಗೆ ಜಾರುತ್ತದಾ ನೋಡಿ. ಒಂದು ವಾಕ್ಯ ಹೇಳಿಸಿ, ಮಾತು ತೊದಲುತ್ತದಾ ಕೇಳಿ. ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ನಡೆಯುವಾಗ ವಾಲುವುದು, ಹಿಂದೆಂದೂ ಬಾರದಂಥ ಭಯಂಕರ ತಲೆನೋವು ಕೂಡ ಲಕ್ಷಣಗಳೇ. ಇವುಗಳಲ್ಲಿ ಒಂದು ಇದ್ದರೂ ಹೊರಡಬೇಕು.

ನಾಳ ಕಟ್ಟಿಕೊಂಡ ಸ್ಟ್ರೋಕ್‌ನಲ್ಲಿ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು, ಯಾಕೆಂದರೆ ರಕ್ತ ಸೋರುವ ಸ್ಟ್ರೋಕ್ ಆಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯಬಹುದು. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಒಳಗೆ ತಂತಿ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆಯೂ ಇದೆ. ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು, ಎಲ್ಲರಿಗೂ ಅಲ್ಲ.

ಈಗ ನಮ್ಮ ದಾರಿಯ ಲೆಕ್ಕ ಹಾಕಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಸುಮಾರು 140, ಮಧ್ಯೆ ಸಂಪಾಜೆ ಘಾಟಿ. ತೋಟದ ಮನೆಯಿಂದ ಟಾರು ರಸ್ತೆಗೆ ಬರಲು ಅರ್ಧ ಗಂಟೆ. ರಾತ್ರಿಯಾದರೆ ಸಿದ್ದಾಪುರದ ಕಡೆ ಆನೆ ಅಡ್ಡ ನಿಂತಿರಬಹುದು. ನಾಲ್ಕೂವರೆ ಗಂಟೆ ಎಷ್ಟು ಬೇಗ ಕರಗುತ್ತದೆ ಎಂದು ಹೇಳಬೇಕಾಗಿಲ್ಲ. ಅದಕ್ಕೇ ಈ ಕೆಲಸ ಇವತ್ತೇ, ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ ಮಾಡಿ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇದೆ, ರಾತ್ರಿ ನಡೆಯುತ್ತದಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರಾ ಎಂದು ಫೋನ್ ಮಾಡಿ ಕೇಳಿ ಬರೆದಿಡಿ. ನೆಟ್‌ವರ್ಕ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ, ಪಕ್ಕದಲ್ಲಿ ಯಾರ ಜೀಪ್ ಇದೆ, ಎಲ್ಲರಿಗೂ ಗೊತ್ತಿರಲಿ.

ಆದ ಕೂಡಲೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುತ್ತದೆ ಎಂದರೆ ಸಿಕ್ಕ ವಾಹನದಲ್ಲಿ ಹೊರಡಿ, ಹೊರಟ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ. ರೋಗಿ ಕೊನೆಯ ಸಲ ಎಷ್ಟು ಗಂಟೆಗೆ ಸರಿಯಾಗಿದ್ದರು ಎಂದು ನೆನಪಿಡಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಅದೇ. ನೀರು, ಕಾಫಿ, ಗಂಜಿ ಏನೂ ಕುಡಿಸಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆಸ್ಪಿರಿನ್ ಕೊಡಬೇಡಿ. ಬಿಪಿ ಮಾತ್ರೆ ಜಾಸ್ತಿ ನುಂಗಿಸಬೇಡಿ.

ನಾಟಿ ಮದ್ದು, ಎಣ್ಣೆ ನೀವುವುದು, ಪಾರಿವಾಳದ ರಕ್ತ ಹಚ್ಚುವುದು ಇವೆಲ್ಲ?

ಮೊದಲ ದಿನ ಯಾವುದೂ ಬೇಡ. ಹಚ್ಚಿದ ರಕ್ತ ಚರ್ಮದ ಮೇಲೆ ಇರುತ್ತದೆ, ಹೆಪ್ಪು ಇರುವುದು ತಲೆಬುರುಡೆಯ ಒಳಗೆ. ನಮ್ಮ ಕುಟುಂಬದ ಹಿರಿಯರೊಬ್ಬರನ್ನು ಮೊದಲು ನೀವುವವರ ಹತ್ತಿರ ಕರೆದುಕೊಂಡು ಹೋಗಿ, ಆಸ್ಪತ್ರೆಗೆ ಮರುದಿನ ಸೇರಿಸಿದರು. ಅವರ ಬಲಗೈ ವಾಪಸ್ ಬರಲಿಲ್ಲ. ಚಿಕಿತ್ಸೆಯ ಹೊತ್ತು ಮೀರಿದ ಮೇಲೆ ಯಾರ ಕೈಯಲ್ಲೂ ಜಾಸ್ತಿ ಮಾಡಲು ಆಗುವುದಿಲ್ಲ. ಆಮೇಲಿನ ತಿಂಗಳುಗಳಲ್ಲಿ ಬೇಕಾಗುವುದು ಫಿಸಿಯೋಥೆರಪಿ.

ಕೈ ಮರಗಟ್ಟಿ, ಮಾತು ತೊದಲಿ, ಹತ್ತೇ ನಿಮಿಷದಲ್ಲಿ ಸರಿಯಾಯಿತು. ಬಿಟ್ಟುಬಿಡಬಹುದಾ?

ಖಂಡಿತ ಬಿಡಬೇಡಿ. ಹೆಪ್ಪು ಬಂದು, ತಾನಾಗಿಯೇ ಕರಗಿ ಹೋಗಿದೆ ಎಂದರ್ಥ. ದೊಡ್ಡ ಸ್ಟ್ರೋಕ್ ಬರುವ ಅಪಾಯ ಮುಂದಿನ ಎರಡು ದಿನಗಳಲ್ಲೇ ಅತಿ ಹೆಚ್ಚು. ಅವತ್ತೇ ಆಸ್ಪತ್ರೆಗೆ ಹೋಗಿ.

ಊರಿನಲ್ಲಿ ಕಸ, ತರಗೆಲೆ ಸುಡುತ್ತಾರೆ. ಹೇಳಿದರೆ ಜಗಳ. ಏನಾದರೂ ಕಾನೂನು ಇದೆಯಾ?

ಇದೆ. ಬಯಲಲ್ಲಿ ಕಸ ಸುಡುವುದಕ್ಕೆ ಹಸಿರು ನ್ಯಾಯಮಂಡಳಿ 2016ರಲ್ಲಿ 5,000 ರೂಪಾಯಿ ದಂಡ ಹೇಳಿದೆ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಆದರೆ ಕಸದ ಗಾಡಿ ಬರದ ಊರಲ್ಲಿ ದಂಡದ ಮಾತು ಆಡಿ ಪ್ರಯೋಜನವಿಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಗಾಡಿ ವಾರಕ್ಕೆ ಎಷ್ಟು ಸಲ ಬರುತ್ತದೆ, ಹೋಂಸ್ಟೇಗಳ ಕಸ ಎಲ್ಲಿಗೆ ಹೋಗುತ್ತದೆ ಎಂದು. ತರಗೆಲೆಯನ್ನಂತೂ ಸುಡುವುದೇ ನಷ್ಟ, ಕಾಫಿ ಗಿಡದ ಬುಡಕ್ಕೆ ಹಾಕಿದರೆ ಗೊಬ್ಬರ.

ಸ್ಟ್ರೋಕ್ ಆಗಿ ಮನೆಗೆ ಬಂದಿದ್ದಾರೆ. ಯಾವ ಕೋಣೆಯಲ್ಲಿ ಮಲಗಿಸಬೇಕು?

ಬೆಚ್ಚಗಿರಲಿ ಎಂದು ಅಡುಗೆಮನೆ ಅಥವಾ ಬಚ್ಚಲ ಪಕ್ಕದ ಕೋಣೆ ಕೊಡುವುದು ನಮ್ಮಲ್ಲಿ ರೂಢಿ. ಹೊಗೆ ಬರುವ ಕೋಣೆಯಾದರೆ ಬೇಡ, ಎರಡನೇ ಸ್ಟ್ರೋಕ್‌ಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಹೊಗೆ ಬರದ, ಬಿಸಿಲು ಬೀಳುವ ಕೋಣೆ ನೋಡಿ. ಚಳಿಗೆ ಕಂಬಳಿ, ಸ್ವೆಟರ್, ಬಿಸಿನೀರಿನ ಚೀಲ ಸಾಕು. ಚೀಲವನ್ನು ಸ್ಪರ್ಶ ಗೊತ್ತಾಗದ ಕೈಕಾಲಿನ ಹತ್ತಿರ ಇಡಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಕೋಣೆ ಮುಚ್ಚಿ ಕೆಂಡದ ಬಾಣಲೆ ಇಡುವುದಂತೂ ಯಾವ ಕಾರಣಕ್ಕೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಮಳೆಗಾಲದಲ್ಲೂ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಕಿಟಕಿ ತೆರೆದು, ಅರ್ಧ ಗಂಟೆ ಹೊರಗಿನ ಗಾಳಿ ಒಳಗೆ ಬರಲು ಬಿಡಿ.